ಸಂತಾನಮಿತಿಯೂ ರೈತಸಂಸಾರವೂ

ಒಂದು ಹಿಡುವಳಿಯು ಎರಡು ತಲೆಮಾರುಗಳಲ್ಲಿ ಎಷ್ಟು ತುಂಡುಗಳಾಗುವುದೆಂಬುದನ್ನು ಪಹಣಿ ನೋಡಿ ಬಲ್ಲ ಗ್ರಾಮಮುಖಂಡರಿಗೆ ಬೇರೊಬ್ಬರು ಹೇಳಬೇಕಾದುದಿಲ್ಲ. 1970-71 ನೆಯ ಸಾಲಿನ ಕೃಷಿಗಣತಿಯಲ್ಲಿ ಕರ್ನಾಟಕದ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣವು 3.20 ಹೆಕ್ಟೇರು, ಎಂದರೆ ಹೆಚ್ಚುಕಡಿಮೆ 8 ಎಕರೆ ಇದ್ದಿತು. 2015-16 ನೆಯ ಸಾಲಿನ ಗಣತಿಯಲ್ಲಿ ಅದು 1.36 ಹೆಕ್ಟೇರಿಗೆ, ಎಂದರೆ ಸುಮಾರು 3 ಎಕರೆ 14 ಗುಂಟೆಗೆ ಇಳಿದಿದೆ. ಎಂಟು ಎಕರೆಯ ತಂದೆಗೆ ನಾಲ್ವರು ಮಕ್ಕಳಾದರೆ ತಲೆಗೆ 2 ಎಕರೆ. ಆ ಎರಡು ಎಕರೆಯವನಿಗೆ ಮೂವರಾದರೆ ತಲೆಗೆ 26 ಗುಂಟೆ ಚಿಲ್ಲರೆ. ಅದರಲ್ಲಿ ಬದುವಿಗೆ ಹೋಗುವುದೆಷ್ಟು, ದಾರಿಗೆ ಹೋಗುವುದೆಷ್ಟು, ಬಾವಿಯ ನೀರಿನ ಸರದಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ತೆರುವುದೆಷ್ಟು ಎಂಬುದನ್ನು ಲೆಕ್ಕಹಾಕಿದರೆ ಬೇಸಾಯಕ್ಕೆ ಉಳಿಯುವುದು ಬಹಳವಲ್ಲ. ಹಿಡುವಳಿ ಕಿರಿದಾಗುವುದಕ್ಕೆ ಮಕ್ಕಳ ಸಂಖ್ಯೆಯೊಂದೇ ಕಾರಣವೆಂದು ಹೇಳುವುದು ಸರಿಯಾಗಲಾರದು. ಆದಾಗ್ಯೂ ಅದು ಕಾರಣಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ.

ಹಿಂದಿನವರು ಬಹುಸಂತಾನವನ್ನು ಬಯಸಿದುದರಲ್ಲಿ ಅವಿವೇಕವೇನೂ ಇರಲಿಲ್ಲ. 1871 ನೆಯ ಇಸವಿಯ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷವಿದ್ದಿತು. ಅನಂತರ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. 1881 ರಲ್ಲಿ ಎಣಿಸಿದಾಗ ಉಳಿದಿದ್ದವರು 41.86 ಲಕ್ಷ ಮಂದಿ. ಅದರ ಹಿಂದೆಯೇ ಪ್ಲೇಗು, 1918 ರಲ್ಲಿ ಇನ್‌ಫ್ಲುಯೆಂಜಾ ಜ್ವರ. ಸಿಡುಬು ಮತ್ತು ವಾಂತಿಭೇದಿಗಳಂತೂ ವರ್ಷಂಪ್ರತಿ ಬರುವ ನೆಂಟರಂತಿದ್ದುವು. ಎಂಟು ಹೆತ್ತರೆ ನಾಲ್ಕು ಉಳಿದೀತು ಎಂಬ ಕಾಲದಲ್ಲಿ ಎಂಟು ಹೆರುವುದೇ ಮನೆಯ ವಿಮೆಯಾಗಿದ್ದಿತು. ಈಗ ಲಸಿಕೆ, ಆಸ್ಪತ್ರೆ, ಪಡಿತರಗಳಿಂದ ಹುಟ್ಟಿದ ಮಕ್ಕಳು ಬಹುಮಟ್ಟಿಗೆ ಉಳಿಯುವರು. ವಿಮೆಯ ಕಂತು ಹಿಂದಿನಷ್ಟೇ ಕಟ್ಟಬೇಕಾದ ಅಗತ್ಯವಿಲ್ಲ.

ಈ ವಿಷಯದಲ್ಲಿ ಕನ್ನಡನಾಡಿಗೆ ಒಂದು ಹಿರಿಮೆಯೂ ಉಂಟು. 1921 ರಲ್ಲಿ ರಘುನಾಥ ಧೋಂಡೋ ಕರ್ವೆಯವರು ಮುಂಬಯಿಯಲ್ಲಿ ಸ್ವಂತವಾಗಿ ಒಂದು ಸಂತಾನನಿಯಂತ್ರಣ ಚಿಕಿತ್ಸಾಲಯವನ್ನು ತೆರೆದು, ಅದಕ್ಕಾಗಿ ಬಹಳ ನಿಂದೆಯನ್ನು ಅನುಭವಿಸಿದ್ದರು. ಖಾಸಗಿಯವರು ಕೈಯಿಕ್ಕಲು ಅಂಜುತ್ತಿದ್ದ ಆ ಕೆಲಸವನ್ನು ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್‌ರವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರದವರು ತಾವೇ ಕೈಗೊಂಡರು. 1930 ನೆಯ ಇಸವಿ ಜೂನ್ 11 ನೆಯ ತಾರೀಖಿನ ಆಜ್ಞೆಯಂತೆ ಸಂಸ್ಥಾನದ ನಾಲ್ಕು ಪ್ರಧಾನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹೆ ಕೊಡುವ ಏರ್ಪಾಡಾಯಿತು. ಸರ್ಕಾರವೇ ತೆರೆದ ಇಂಥ ಚಿಕಿತ್ಸಾಲಯಗಳಲ್ಲಿ ಪ್ರಪಂಚಕ್ಕೆ ಇವೇ ಮೊದಲನೆಯವೆಂದು ಹೇಳುವುದು ವಾಡಿಕೆ. ಮರುವರ್ಷದ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 65.57 ಲಕ್ಷವೆಂದು ಕಂಡುಬಂದಿತು. ಆದರೆ ಪಟ್ಟಣದ ಆಸ್ಪತ್ರೆಯ ಬಾಗಿಲು ತೆರೆದ ಮಾತ್ರಕ್ಕೆ ಹಳ್ಳಿಯ ಹೆಂಗಸಿಗೆ ಅಲ್ಲಿಗೆ ದಾರಿಯಾಗುವುದಿಲ್ಲ. ಗಾಡಿಯಲ್ಲಿ ಒಂದು ದಿನದ ಪ್ರಯಾಣ ಮಾಡಿ, ಅತ್ತೆಮಾವಂದಿರ ಅಪ್ಪಣೆ ಪಡೆದು, ಅಪರಿಚಿತರ ಎದುರಿನಲ್ಲಿ ಈ ಮಾತನ್ನು ಆಡಬಲ್ಲವರು ಎಷ್ಟು ಮಂದಿ?

ಹಳ್ಳಿಯವರೆಗೆ ಹೋದ ಮೊದಲ ಪ್ರಯತ್ನಗಳಲ್ಲಿ ಒಂದು ರಾಮನಗರದಲ್ಲಿ ನಡೆಯಿತು. 1952 ರಲ್ಲಿ ಭಾರತ ಸರ್ಕಾರದವರು ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವನ್ನಾಗಿ ಮಾಡಿದಾಗ, ವಿಶ್ವ ಆರೋಗ್ಯ ಸಂಸ್ಥೆಯು ಡಾಕ್ಟರ್ ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ವೈದ್ಯರನ್ನು ಇಲ್ಲಿಗೆ ಕಳುಹಿಸಿದ್ದಿತು. ತಿಂಗಳಿನ ಕೆಲವು ದಿನಗಳಲ್ಲಿ ಮಾತ್ರ ಗರ್ಭ ನಿಲ್ಲುವುದಾದ್ದರಿಂದ ಆ ದಿನಗಳಲ್ಲಿ ದಂಪತಿಗಳು ದೂರವಿರತಕ್ಕದ್ದೆಂಬುದು ಅವರು ಕಲಿಸಿದ ಕ್ರಮ. ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸುವುದು. ಒಂದು ಬಣ್ಣದ ಮಣಿ ಬಂದರೆ ಭಯವಿಲ್ಲ, ಇನ್ನೊಂದು ಬಣ್ಣ ಬಂದರೆ ಎಚ್ಚರಿಕೆ. ಕೇಳುವುದಕ್ಕೆ ಬಹು ಸೊಗಸಾದ ಉಪಾಯವಾದರೂ ನಡೆಯಲ್ಲಿ ಕಷ್ಟವಾಯಿತು. ದೀಪವಿಲ್ಲದ ಮನೆಯಲ್ಲಿ ಮಣಿಯ ಬಣ್ಣ ಕಾಣುತ್ತಿರಲಿಲ್ಲ. ಕೈಗೆ ತಿಳಿಯಲೆಂದು ಬೇರೆ ಬೇರೆ ಆಕಾರದ ಮಣಿಗಳನ್ನು ಮಾಡಿಸಬೇಕಾಯಿತು. ಸರವನ್ನು ಧರಿಸಿದ ಮಾತ್ರಕ್ಕೆ ಗರ್ಭ ನಿಲ್ಲದೆಂದು ನಂಬಿದವರೂ ಇದ್ದರೆಂದು ವರದಿಯಾಗಿದೆ. ಮುಟ್ಟು ಕ್ರಮವಾಗಿ ಬಾರದವರಿಗೆ ಈ ಲೆಕ್ಕವೇ ಕೂಡುವುದಿಲ್ಲ. ಹೀಗೆ ನಂಬಿ ಕೆಟ್ಟವರು ಅನೇಕರು. ಆದರೂ ಆ ಪ್ರಯತ್ನದಿಂದ ಒಂದು ಸಂಗತಿ ಸ್ಪಷ್ಟವಾಯಿತು: ಹಳ್ಳಿಯವರಿಗೆ ಈ ವಿಷಯ ಬೇಡವೆಂದು ಪಟ್ಟಣದ ವಿದ್ಯಾವಂತರು ಹೇಳುತ್ತಿದ್ದುದು ಸುಳ್ಳು. ಕಲಿಯಬೇಕೆಂದು ಬಂದವರು ಬಹುಮಂದಿ. ಕಲಿಸಿದ ಉಪಾಯವು ಅವರ ಮನೆಗೆ ಹೊಂದಲಿಲ್ಲ, ಅಷ್ಟೆ.

ಇಂದಿನ ಸ್ಥಿತಿಯು ಬೇರೆ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಜೀವಮಾನದಲ್ಲಿ ಆಗುವ ಮಕ್ಕಳ ಸರಾಸರಿ 1.7. ಜನಸಂಖ್ಯೆಯು ಏರದೆ ಇಳಿಯದೆ ನಿಲ್ಲಲು 2.1 ಬೇಕು. ಹಾಗಾದರೆ ಈ ವಿಷಯವನ್ನು ಇನ್ನು ಎತ್ತುವುದೇಕೆಂದು ಕೇಳಬಹುದು. ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ನಿಜ. ಆದರೆ ಅದರ ಭಾರವನ್ನು ಹೊತ್ತವರಾರು, ಯಾವ ವಯಸ್ಸಿನಲ್ಲಿ ಹೊತ್ತರು ಎಂಬ ಲೆಕ್ಕವನ್ನು ನೋಡಬೇಕು. ಅದೇ ಸಮೀಕ್ಷೆಯಂತೆ ಈ ರಾಜ್ಯದ 15 ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರಲ್ಲಿ ನೂರಕ್ಕೆ ಒಬ್ಬನೂ ಇಲ್ಲ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವುದರೊಳಗೇ ಮದುವೆಯಾಗಿತ್ತು. ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಎಂದರೆ ಬೇಗ ಮದುವೆ, ಅಂತರವಿಲ್ಲದೆ ಎರಡು ಹೆರಿಗೆ, ಕೂಡಲೇ ಆಪರೇಷನ್, ಮರುವಾರ ಕಳೆ ಕೀಳಲು ಹೊಲಕ್ಕೆ—ಇದು ಅನೇಕ ರೈತಸಂಸಾರಗಳ ರೂಢಿಯಾಗಿದೆ. ರಾಗಿಯ ಪೈರಿಗೆ ಸಾಲಿನಿಂದ ಸಾಲಿಗೆ ಇಷ್ಟು ಅಂಗುಲ ಬಿಡಬೇಕೆಂದು ಅಳೆದು ನೋಡುವ ಮನೆಯಲ್ಲಿಯೇ ಮಗುವಿನಿಂದ ಮಗುವಿಗೆ ಎಷ್ಟು ತಿಂಗಳು ಬಿಡಬೇಕೆಂದು ಕೇಳುವವರಿಲ್ಲ.

ವೈದ್ಯರು ಹೇಳುವ ಅಂತರವು ಇದು: ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಬಿಡಬೇಕು, ಆಗ ಇಬ್ಬರು ಮಕ್ಕಳ ನಡುವೆ ಮೂರು ವರ್ಷ ಬೀಳುವುದು. ಗರ್ಭ ಇಳಿದುಹೋದರೆ ಆರು ತಿಂಗಳು ಕಾಯಬೇಕು. ಈ ಅಂತರಕ್ಕೆ ಉಪಾಯಗಳು ಹಲವಿದ್ದು, ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆ ದೊರೆಯುತ್ತವೆ.

ಮೊದಲನೆಯದು ತಾಮ್ರದ ವಂಕಿ, ಕಾಪರ್-ಟಿ ಎಂದು ಕರೆಯುವುದು. ತರಬೇತು ಪಡೆದ ದಾದಿ ಅಥವಾ ಡಾಕ್ಟರು ಇದನ್ನು ಗರ್ಭಕೋಶದೊಳಗೆ ಇಡುವರು. ಒಂದು ಬಗೆ ಐದು ವರ್ಷ, ಇನ್ನೊಂದು ಬಗೆ ಹತ್ತು ವರ್ಷ ಕೆಲಸಮಾಡುವುದು. ಬೇಡವೆನಿಸಿದ ದಿನ ತೆಗೆಸಬಹುದು, ಬಳಿಕ ಗರ್ಭ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ 48 ಗಂಟೆಯೊಳಗೇ ಇಡಿಸಲೂ ಬಹುದು. ವಂಕಿಯು ಹೊಟ್ಟೆಯೊಳಗೆ ಮೇಲಕ್ಕೆ ಏರಿ ಎದೆಗೆ ಹೋಗುವುದೆಂಬ ಮಾತು ಬಾವಿಕಟ್ಟೆಯಲ್ಲಿ ಹುಟ್ಟಿದ್ದು. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ ಹೆಚ್ಚಾಗಿ ಹೋಗುವುದೂ ನೋವಾಗುವುದೂ ಉಂಟು. ಮೊದಲೇ ರಕ್ತಹೀನತೆಯುಳ್ಳವರು ದಾದಿಯನ್ನು ಕೇಳಿ ನಿರ್ಧರಿಸಬೇಕು.

ಗುಳಿಗೆಗಳಲ್ಲಿ ಎರಡು ಬಗೆ. ಮಾಲಾ-ಎನ್ ಎಂಬುದನ್ನು ದಿನವೂ ತಪ್ಪದೆ ನುಂಗಬೇಕು. ಪಟ್ಟಿಯ 28 ಗುಳಿಗೆಗಳಲ್ಲಿ ಕಡೆಯ ಏಳು ಕಬ್ಬಿಣಾಂಶದವು. ಎದೆಹಾಲು ಕೊಡುತ್ತಿರುವವರು ಮೊದಲ ಆರು ತಿಂಗಳು, ರಕ್ತದೊತ್ತಡವುಳ್ಳವರು ಯಾವಾಗಲೂ, ಇದನ್ನು ನುಂಗಬಾರದು. ಎರಡನೆಯದು ಛಾಯಾ. ಇದು ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದವರು ಕಂಡುಹಿಡಿದ ನಮ್ಮ ದೇಶದ್ದೇ ಔಷಧಿ; ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲೂಡಿಸುವ ತಾಯಂದಿರಿಗೂ ಆಗುವುದು. ಸಂತೆಯ ದಿನವನ್ನು ಗುರುತಿಟ್ಟುಕೊಂಡು ನುಂಗಿದರೆ ಮರೆವಾಗಲಾರದು.

ಅಂತರಾ ಎಂಬ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕು. ಇದರಿಂದ ಮುಟ್ಟು ಹೆಚ್ಚುಕಡಿಮೆಯಾಗಬಹುದು, ಕೆಲವರಿಗೆ ನಿಂತೇ ಹೋಗಬಹುದು. ಕೆಟ್ಟ ರಕ್ತ ಒಳಗೆ ಕಟ್ಟಿಕೊಂಡಿತೆಂದು ಹೆದರಬೇಕಾದುದಿಲ್ಲ. ಮದ್ದನ್ನು ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುವುದರಿಂದ, ಬೇಗನೆ ಇನ್ನೊಂದು ಮಗು ಬೇಕೆನ್ನುವವರಿಗೆ ಇದು ತಕ್ಕುದಲ್ಲ. ಇನ್ನು ನಿರೋಧ್ 1968 ರಿಂದ ಹಳ್ಳಿಯ ಅಂಗಡಿಗಳವರೆಗೂ ಬಂದು ಎಲ್ಲರೂ ಬಲ್ಲ ವಸ್ತುವಾಗಿದೆ. ಗುಹ್ಯರೋಗಗಳಿಂದ ರಕ್ಷಣೆ ಕೊಡುವುದು ಇದೊಂದೇ.

ಯಾವ ಉಪಾಯ ಎಷ್ಟು ಭದ್ರವೆಂಬುದಕ್ಕೆ ವೈದ್ಯರಲ್ಲಿ ಒಂದು ಲೆಕ್ಕವುಂಟು. ನೂರು ಜೊತೆ ಗಂಡಹೆಂಡಿರು ಏನೂ ಮಾಡದಿದ್ದರೆ ವರ್ಷದೊಳಗೆ ಸುಮಾರು 85 ಮಂದಿಗೆ ಗರ್ಭ ನಿಲ್ಲುವುದು. ಗಂಡನು ಕಡೆಯ ಕ್ಷಣದಲ್ಲಿ ಹಿಂದೆಗೆಯುವ ಹಳೆಯ ಪದ್ಧತಿಯಿಂದ 20 ಮಂದಿಗೆ, ನಿರೋಧ್ ಬಳಸುವವರಲ್ಲಿ ಸಾಮಾನ್ಯವಾಗಿ 13 ಮಂದಿಗೆ, ಗುಳಿಗೆಯವರಲ್ಲಿ 7 ಮಂದಿಗೆ ನಿಲ್ಲುವುದುಂಟು. ಕ್ರಮ ತಪ್ಪದೆ ಬಳಸಿದರೆ ನಿರೋಧ್‌ನಲ್ಲಿ 2, ಗುಳಿಗೆಯಲ್ಲಿ ಒಂದಕ್ಕೂ ಕಡಿಮೆ. ವಂಕಿಯಲ್ಲಿಯೂ ಶಸ್ತ್ರಚಿಕಿತ್ಸೆಯಲ್ಲಿಯೂ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಲೂಡಿಸುತ್ತಿರುವವರೆಗೆ ಗರ್ಭ ನಿಲ್ಲದೆಂದು ಅಜ್ಜಿಯರು ಹೇಳುವ ಮಾತು ಅರ್ಧ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲಲ್ಲದೆ ಬೇರೇನನ್ನೂ ಕೊಡುತ್ತಿರಬಾರದು, ಮುಟ್ಟು ತಿರುಗಿ ಬಂದಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಆ ಮಾತಿಗೆ ಬೆಲೆಯಿಲ್ಲ.

ಬೇಡದ ಗರ್ಭ ನಿಂತಲ್ಲಿ ಗಿಡಮೂಲಿಕೆಯವರ ಕಡ್ಡಿಗೂ ಕಷಾಯಕ್ಕೂ ಹೋಗಿ ಪ್ರಾಣ ಕಳೆದುಕೊಂಡವರು ಯಾವ ಹೋಬಳಿಯಲ್ಲಿ ಇಲ್ಲ? 1971 ನೆಯ ಇಸವಿಯ ಕಾನೂನು, 2021 ರಲ್ಲಿ ತಿದ್ದುಪಡಿಯಾದಂತೆ, ಇಪ್ಪತ್ತು ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆಯೂ, ಕೆಲವು ವಿಶೇಷ ಸಂದರ್ಭಗಳಲ್ಲಿ ಇಪ್ಪತ್ತನಾಲ್ಕು ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆಯೂ, ಆಸ್ಪತ್ರೆಯಲ್ಲಿ ಗರ್ಭ ತೆಗೆಸಲು ಅವಕಾಶ ಕೊಟ್ಟಿದೆ. ಹೆಂಗಸು ಪ್ರಾಪ್ತವಯಸ್ಕಳಾಗಿದ್ದರೆ ಅವಳ ಒಪ್ಪಿಗೆಯೊಂದೇ ಸಾಕು. ಇದು ಬೇರೆ, ಹೆಣ್ಣೆಂದು ತಿಳಿದು ಗರ್ಭ ತೆಗೆಸುವುದು ಬೇರೆ. ಎರಡನೆಯದು ಅಪರಾಧ. ಭ್ರೂಣದ ಲಿಂಗವನ್ನು ನೋಡಿ ಹೇಳುವುದನ್ನೇ 1994 ರ ಕಾನೂನು ನಿಷೇಧಿಸಿದೆ. ಹೀಗಿದ್ದರೂ 2023 ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರವಿಟ್ಟು ಈ ಕೆಲಸ ನಡೆಯುತ್ತಿದ್ದುದನ್ನು ಪೊಲೀಸಿನವರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗಕ್ಕೆ ಗರ್ಭಿಣಿಯರನ್ನು ಕಾರಿನಲ್ಲಿ ಕರೆತರುವುದು ಅಕ್ಕಪಕ್ಕದ ಹೊಲದವರ ಕಣ್ಣಿಗೆ ಬೀಳದೆ ಇರುವುದು ಹೇಗೆ? ಗಂಡು ಬೇಕೆಂದು ಹೆತ್ತು ಹೆತ್ತು ದಣಿದ ಸಂಸಾರಗಳಿಗೆ ಇನ್ನೊಂದು ಸಂಗತಿಯೂ ತಿಳಿದಿರಲಿ: ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕವು 1994 ರಲ್ಲಿಯೇ ಶಾಸನ ಮಾಡಿ ಕೊಟ್ಟಿತು; 2005 ರಲ್ಲಿ ಇಡೀ ದೇಶಕ್ಕೆ ಅದು ಬಂದಿತು. ಹಿಸ್ಸೆಯ ದೃಷ್ಟಿಯಿಂದ ಮಗಳೂ ಮಗನೂ ಈಗ ಒಂದೇ.

ಇನ್ನು ಶಾಶ್ವತ ಉಪಾಯದ ಮಾತು. ಬೇಕಾದಷ್ಟು ಮಕ್ಕಳಾದ ಮೇಲೆ ಗಂಡಹೆಂಡಿರಲ್ಲಿ ಒಬ್ಬರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಸರ್ಕಾರದ ನಿಯಮದಂತೆ ಕಡೆಯಪಕ್ಷ ಒಂದು ವರ್ಷ ದಾಟಿದ ಒಂದು ಮಗುವಿರಬೇಕು. ಹೆಂಗಸಿಗೆ 22 ವರ್ಷ ತುಂಬಿರಬೇಕು. ಹೆಂಗಸರ ಚಿಕಿತ್ಸೆಯಲ್ಲಿ ಹೊಟ್ಟೆಯನ್ನು ತೆರೆದು ಎರಡು ಅಂಡನಾಳಗಳನ್ನು ಕಟ್ಟಬೇಕು. ಗಂಡಸರದರಲ್ಲಿ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. 1974 ರಲ್ಲಿ ಚೀನಾ ದೇಶದ ಒಬ್ಬ ವೈದ್ಯರು ಕಂಡುಹಿಡಿದ ಕ್ರಮದಲ್ಲಿ ಕತ್ತಿಯೂ ಬೇಡ, ಹೊಲಿಗೆಯೂ ಬೇಡ. ಚರ್ಮದಲ್ಲಿ ಸೂಜಿಮೊನೆಯಂಥ ಒಂದು ರಂಧ್ರ ಮಾಡಿ ನಾಳವನ್ನು ಹೊರತೆಗೆದು ಕತ್ತರಿಸಿ ಕಟ್ಟುವರು. ಅರ್ಧ ಗಂಟೆಯೊಳಗೆ ಮುಗಿಯುವುದು, ಅದೇ ದಿನ ಮನೆಗೆ ಬರಬಹುದು. ಎರಡರಲ್ಲಿ ಯಾವುದು ಸುಲಭವೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೂ ಗಂಡಸರು ಒಪ್ಪುವುದಿಲ್ಲ. ಕಾರಣವೂ ಎಲ್ಲರಿಗೂ ತಿಳಿದದ್ದೇ. ಹೋರಿಯ ಬೀಜ ಒಡೆಸಿದಂತಾಗುವುದೆಂಬ ಭಯ.

ಈ ಭಯವನ್ನು ಹೋಗಲಾಡಿಸಲು ದನಗಳ ವಿಷಯವನ್ನು ಬಲ್ಲ ರೈತನಿಗಿಂತ ಯೋಗ್ಯನಾದವನು ಬೇರೆ ಇಲ್ಲ. ಪಶುವೈದ್ಯರು ಬರ್ಡಿಜೋ ಇಕ್ಕಳದಿಂದ ಹೋರಿಯ ಬೀಜದ ಹುರಿಯನ್ನು ಅದುಮಿದಾಗ ಆಗುವುದೇನು? ಆ ಹುರಿಯಲ್ಲಿ ವೀರ್ಯದ ನಾಳವೂ ರಕ್ತನಾಳಗಳೂ ಕೂಡಿ ಇರುವುವು. ರಕ್ತನಾಳ ಜಜ್ಜಿಹೋದುದರಿಂದ ಬೀಜಕ್ಕೆ ರಕ್ತ ಸಿಕ್ಕದೆ ಅದು ಬತ್ತುವುದು. ಹೋರಿಯ ಠೀವಿ, ಕೊಬ್ಬು, ಹಸುವಿನ ಮೇಲಿನ ಆಸೆ ಇವೆಲ್ಲವೂ ಆ ಬೀಜದಲ್ಲಿ ಹುಟ್ಟಿ ರಕ್ತದ ಮೂಲಕ ಮೈಯೆಲ್ಲ ಹರಡುವ ರಸದಿಂದ ಆಗತಕ್ಕವು. ಬೀಜ ಬತ್ತಿದೊಡನೆ ಅವೂ ಅಡಗುವುವು. ಗಂಡಸರ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳವನ್ನು ಮುಟ್ಟುವುದಿಲ್ಲ, ಬೀಜವನ್ನು ಮುಟ್ಟುವುದಿಲ್ಲ; ವೀರ್ಯಾಣುಗಳು ಹೊರಗೆ ಬರುವ ಕಿರುನಾಳವೊಂದನ್ನು ಮಾತ್ರ ಕತ್ತರಿಸುವರು. ಬೀಜವು ಮೊದಲಿನಂತೆಯೇ ಜೀವದಿಂದಿರುವುದು, ಅದರ ರಸವು ಮೊದಲಿನಂತೆಯೇ ರಕ್ತಕ್ಕೆ ಸೇರುವುದು. ಕೆರೆಯ ತೂಬನ್ನು ಮುಚ್ಚಿದರೆ ಕಾಲುವೆಯಲ್ಲಿ ನೀರು ಬರುವುದಿಲ್ಲ, ಕೆರೆಯೇನೂ ಬತ್ತುವುದಿಲ್ಲ. ಮೀಸೆ ಉದುರುವುದಿಲ್ಲ, ನೇಗಿಲು ಹಿಡಿಯುವ ಶಕ್ತಿ ಕುಂದುವುದಿಲ್ಲ, ದಾಂಪತ್ಯಸುಖಕ್ಕೂ ಕೊರತೆಯಿಲ್ಲ. ಪಶುಚಿಕಿತ್ಸಾಲಯದ ಅಂಗಳದಲ್ಲಿ ನಿಂತು ಈ ವ್ಯತ್ಯಾಸವನ್ನು ಒಮ್ಮೆ ಕೇಳಿಕೊಂಡ ಯಜಮಾನನು ಊರಿನಲ್ಲಿ ಹತ್ತು ಜನರಿಗೆ ಹೇಳಬಲ್ಲನು.

ಆದರೆ ಹೇಳುವುದು ಬೇರೆ, ಎಳೆದೊಯ್ಯುವುದು ಬೇರೆ. ಗಂಡಸರ ಭಯಕ್ಕೆ ಹೋರಿಯೊಂದೇ ಕಾರಣವಲ್ಲ. 1976 ನೆಯ ಇಸವಿಯೂ ಕಾರಣ. ತುರ್ತುಪರಿಸ್ಥಿತಿಯ ಆ ಕಾಲದಲ್ಲಿ ಅಧಿಕಾರಿಗಳಿಗೆ ಇಷ್ಟು ತಲೆ ಎಂದು ಗುರಿ ಕಟ್ಟಿದರು. 1976-77 ನೆಯ ಒಂದೇ ಸಾಲಿನಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳಾದುವು; ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ಮದುವೆಯಾಗದವರನ್ನೂ ಮುದುಕರನ್ನೂ ಬಿಡಲಿಲ್ಲ. ಚಿಕಿತ್ಸೆಗೆ ಸಂಬಂಧಿಸಿದಂತೆ ಸತ್ತವರು 1,774 ಮಂದಿಯೆಂದು ಅನಂತರ ಷಾ ಆಯೋಗವು ಲೆಕ್ಕ ಕೊಟ್ಟಿತು. ಬಲಾತ್ಕಾರದ ಕೆಲಸ ಒಂದು ವರ್ಷ ನಡೆಯಿತು; ಅದರಿಂದ ಹುಟ್ಟಿದ ಅವಿಶ್ವಾಸ ಅರ್ಧ ಶತಮಾನವಾದರೂ ಹೋಗಿಲ್ಲ. ಗಂಡಸರು ಹಿಂದೆಗೆದ ಮೇಲೆ ಆ ಗುರಿಗಳು ಹೆಂಗಸರ ಮೇಲೆ ತಿರುಗಿದುವು. 2014 ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದು ಶಿಬಿರದಲ್ಲಿ 83 ಮಂದಿ ಹೆಂಗಸರಿಗೆ ಕೆಲವೇ ಗಂಟೆಗಳಲ್ಲಿ ಚಿಕಿತ್ಸೆ ಮಾಡಿ ಕಳುಹಿಸಿದರು; ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಹುಮಟ್ಟಿಗೆ ಎಲ್ಲರೂ ಎಳೆಯ ಮಕ್ಕಳ ತಾಯಂದಿರು. 2016 ರಲ್ಲಿ ಸುಪ್ರೀಂ ಕೋರ್ಟಿನವರು ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸತಕ್ಕದ್ದೆಂದು ಆಜ್ಞೆಮಾಡಿದರು.

ಪಟೇಲಿಕೆ ಶಾನುಭೋಗಿಕೆಗಳು ಕಾನೂನಿನಿಂದ ರದ್ದಾಗಿ ಅರುವತ್ತು ವರ್ಷಗಳಾದುವು. ಆದರೂ ಊರಿನಲ್ಲಿ ಯಾವ ಮಾತು ನಿಲ್ಲಬೇಕು, ಯಾವುದು ಬಿದ್ದುಹೋಗಬೇಕೆಂಬುದು ಹಿರಿಯ ಹಿಡುವಳಿದಾರರ ಜಗಲಿಯಲ್ಲಿಯೇ ಇಂದಿಗೂ ತೀರ್ಮಾನವಾಗುವುದು. ಯಾರನ್ನಾದರೂ ಸಾಲದ ಹಂಗಿನಿಂದಲೋ, ಕೂಲಿ ತಪ್ಪಿಸುವೆನೆಂಬ ಬೆದರಿಕೆಯಿಂದಲೋ, ಪಡಿತರ ನಿಲ್ಲುವುದೆಂಬ ಸುಳ್ಳಿನಿಂದಲೋ ಆಪರೇಷನ್ನಿಗೆ ಕಳುಹಿಸುವುದು ನಡೆಯುತ್ತಿದ್ದರೆ ತಡೆಯತಕ್ಕವರು ಅವರೇ. ಹದಿನೆಂಟು ತುಂಬದ ಹುಡುಗಿಯ ಲಗ್ನಪತ್ರಿಕೆ ಮೊದಲು ಬರುವುದೂ ಆ ಜಗಲಿಗೇ. ಚಪ್ಪರದ ದಿನ ಅಧಿಕಾರಿಗಳು ಬಂದು ನಿಲ್ಲಿಸುವ ಅವಮಾನಕ್ಕಿಂತ, ವೀಳ್ಯಶಾಸ್ತ್ರದ ದಿನವೇ ಹಿರಿಯರು ಬೇಡವೆಂದರೆ ಎರಡು ಮನೆಗಳ ಮಾನವೂ ಉಳಿಯುವುದು.

ಗಂಡಸರಲ್ಲಿ ಯಾರಾದರೂ ಚಿಕಿತ್ಸೆಗೆ ಮನಸ್ಸು ಮಾಡಿದರೆ ಸುಗ್ಗಿಯ ಕಣ ಮುಗಿದು ಮುಂಗಾರಿನ ಉಳುಮೆಗೆ ಮೊದಲಿರುವ ಬಿಡುವಿನ ದಿನಗಳು ಅನುಕೂಲ. ಎರಡು ದಿನ ಪೂರ್ಣ ವಿಶ್ರಾಂತಿ ಬೇಕು; ಒಂದು ವಾರ ಮೂಟೆ ಹೊರುವುದು, ಸೈಕಲ್ ತುಳಿಯುವುದು, ಟ್ರಾಕ್ಟರ್ ನಡೆಸುವುದು ಕೂಡದು. ಕೂಲಿಯವನಾದರೆ ಯಜಮಾನನು ಆ ವಾರ ಹಗುರವಾದ ಕೆಲಸ ಕೊಡಬಹುದು. ಸರ್ಕಾರದಿಂದ ಕೂಲಿನಷ್ಟದ ಹಣವೂ ಬರುವುದು. ಹೆಂಗಸರ ಚಿಕಿತ್ಸೆಯಾದಲ್ಲಿ ಎರಡು ವಾರವಾದರೂ ನಾಟಿ, ಕಳೆ, ನೀರಿನ ಕೊಡಗಳಿಂದ ಅವರನ್ನು ದೂರವಿಡಬೇಕು. ಗಂಡಸರು ಮುಖ್ಯವಾಗಿ ನೆನಪಿಡಬೇಕಾದುದೆಂದರೆ, ಚಿಕಿತ್ಸೆಯ ದಿನದಿಂದಲೇ ಫಲ ದೊರೆಯುವುದಿಲ್ಲ. ನಾಳದಲ್ಲಿ ಮೊದಲೇ ಉಳಿದಿದ್ದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಹಿಡಿಯುವುದು. ಅಲ್ಲಿಯವರೆಗೆ ನಿರೋಧ್ ಮುಂತಾದ ಬೇರೆ ಉಪಾಯ ಬೇಕು. ಇದನ್ನು ತಿಳಿಯದೆ ಹೆಂಡತಿಯ ನಡತೆಯನ್ನು ಶಂಕಿಸಿ ಮನೆ ಮುರಿದುಕೊಂಡವರುಂಟು. ಮೂರು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ವೀರ್ಯಪರೀಕ್ಷೆ ಮಾಡಿಸಿ, ಅಣುಗಳಿಲ್ಲವೆಂದು ಕಂಡ ಮೇಲೆ ಕೊಡುವ ಸರ್ಟಿಫಿಕೇಟನ್ನು ಪಡೆಯಬೇಕು. ಚಿಕಿತ್ಸೆ ಕೈಗೂಡದೆ ಹೋದರೆ ಸರ್ಕಾರದಿಂದ ಪರಿಹಾರ ಕೇಳಲು 2013 ರಿಂದ ಒಂದು ಯೋಜನೆ ಉಂಟು. ಆಗ ಆ ಕಾಗದ ಬೇಕಾಗುವುದಾದ್ದರಿಂದ ಪಹಣಿ ಮತ್ತು ಪಾಸ್‌ಪುಸ್ತಕಗಳ ಜೊತೆಯಲ್ಲಿಯೇ ಅದನ್ನು ಜೋಪಾನವಾಗಿ ಇಡತಕ್ಕದ್ದು.